ಪ್ಲಾಸ್ಟಿಕ್ಕಿಗೂ ಮುಪ್ಪುಂಟು

ನಮ್ಮ ಮಗಳು ಡಾಕ್ಟರೇಟ್ ಪದವಿಯ ಸಂಶೋಧನೆಗಾಗಿ ಇಂಗ್ಲೆಂಡಿಗೆ ಹೊರಟು ನಿಂತದ್ದು 2016ರ ಭಾದ್ರಪದದಲ್ಲಿ. ಹರಸಿ ಬೀಳ್ಕೊಡಲು ಮನೆಗೆ ಬಂದ ಬಂಧುಬಳಗದವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಯಾವ ವಿಷಯದ ಮ್ಯಾಲೆ ಸಂಶೋಧನಾ?” ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, “ಪ್ಲಾಸ್ಟಿಕ್ಕಿಗೆ ಹೇಗೆ ವಯಸ್ಸಾಗುತ್ತದೆ ಎಂಬುದರ ಮೇಲೆ” ಎಂದು ತುಸು ಅಳುಕಿನಿಂದಲೇ ಹೇಳುತ್ತಿದ್ದೆವು. ಕೇಳಿದವರು ನಗುತ್ತಿದ್ದರು. ಬಳಗದ ಹಿರಿಯರೊಬ್ಬರಂತೂ ಊಟದ ಪಂಕ್ತಿಯಲ್ಲಿಯೇ, “ಸಾವೇ ಇಲ್ಲದ್ದಕ್ಕ ಮುಪ್ಪು ಎಲ್ಲಿಂದ ಬರತೈತಿ? ಭೂಮ್ಯಾಗ ಹುಗಿದರೂ ಕೊಳಿಯೂದಿಲ್ಲ ಅಂತಾರ. ಅದನ್ನ ಓದಾಕ ಇಂಗ್ಲೆಂಡಿಗೆ ಹೋಗಬೇಕೇನು?” ಎಂದುಬಿಟ್ಟರು. ಪಂಕ್ತಿಯೇ ನಕ್ಕಿತು, ನಾವೂ ನಕ್ಕೆವು. ಮಗಳು ಮಾತ್ರ ನಗಲಿಲ್ಲ. ಅವಳು ನಗದಿದ್ದುದರ ಕಾರಣ ನಮಗೆ ಒಳಗೊಳಗೇ ತಿಳಿದಿತ್ತು. ಅದನ್ನು ಹೇಳದೆ ಈ ಬರಹವನ್ನು ಮುಂದುವರಿಸಿದರೆ ವಾಚಕರಿಗೆ ವಂಚನೆ ಮಾಡಿದಂತಾಗುತ್ತದೆ.

ಗದಗ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ನಾವು ಇಪ್ಪತ್ತೆಂಟು ವರ್ಷ ಪೈಪಿನ ಅಂಗಡಿ ನಡೆಸಿದವರು. ಒಬ್ಬರು ಗಲ್ಲೆಯ ಮೇಲೆ ಕುಳಿತು ವ್ಯಾಪಾರ ನೋಡಿಕೊಂಡರೆ ಮತ್ತೊಬ್ಬರು ಕಿರ್ದಿ, ಖಾತೆ ಬರೆಯುತ್ತಿದ್ದೆವು. ಕೊಳವೆ ಬಾವಿಗಳು ಊರೂರಿಗೂ ಬಂದ ಕಾಲವದು. ಕಬ್ಬಿಣದ ಪೈಪು ತುಕ್ಕು ಹಿಡಿಯುತ್ತದೆ, ಸಿಮೆಂಟಿನದು ಒಡೆಯುತ್ತದೆ, ಬೂದುಬಣ್ಣದ ಪಿ.ವಿ.ಸಿ. ಪೈಪಿಗೆ ಆ ಯಾವ ರೋಗವೂ ಇಲ್ಲ ಎಂಬುದೇ ನಮ್ಮ ವ್ಯಾಪಾರದ ಮಂತ್ರವಾಗಿತ್ತು. “ಒಮ್ಮೆ ಹಾಕ್ರಿ, ಮೊಮ್ಮಕ್ಕಳ ಕಾಲಕ್ಕೂ ನೀರು ಹರಿಸತೈತಿ” ಎಂದು ಎಷ್ಟು ಸಾವಿರ ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಸುಳ್ಳು ಹೇಳುತ್ತಿದ್ದೇವೆಂದು ನಮಗೆ ಅನಿಸಿರಲಿಲ್ಲ.

ನಮ್ಮಲ್ಲಿ ಎರಡು ದರ್ಜೆಯ ಪೈಪುಗಳಿದ್ದವು. ಐ.ಎಸ್.ಐ. ಮುದ್ರೆ ಇದ್ದದ್ದು ಒಂದು. ಮುದ್ರೆ ಇಲ್ಲದ, ಅಗ್ಗದ್ದು ಮತ್ತೊಂದು. ಎರಡನೆಯದರಲ್ಲಿ ರೈತನಿಗೆ ಪೈಪಿಗೆ ನಲವತ್ತು ರೂಪಾಯಿ ಉಳಿಯುತ್ತಿತ್ತು, ನಮಗೂ ಲಾಭ ಹೆಚ್ಚು ಉಳಿಯುತ್ತಿತ್ತು. 2001ರಲ್ಲಿ ಹತ್ತಿರದ ಹಳ್ಳಿಯ ರೈತರೊಬ್ಬರು ಬಂದು ಎರಡೂ ಬಗೆಯ ಪೈಪುಗಳನ್ನು ಕೈಯಲ್ಲೆತ್ತಿ ತೂಗಿ ನೋಡಿದರು. ಅಗ್ಗದ್ದೇ ಒಂದಿಷ್ಟು ಹೆಚ್ಚು ಭಾರವಾಗಿತ್ತು. “ಇದ ತೂಕ ಐತಿ, ಇದ ಗಟ್ಟಿ” ಎಂದರು. ನಾವು “ಹೌದ್ರಿ” ಎಂದೆವು. ಅರವತ್ತು ಪೈಪು ಚಕ್ಕಡಿಯಲ್ಲಿ ಹೇರಿಕೊಂಡು ಹೋದರು. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿರಿಯುವುದರಿಂದ ನೆಲದಲ್ಲಿ ಹೂಳದೆ, ಬದುವಿನ ಮೇಲೆಯೇ ಪೈಪು ಹಾಯಿಸಿ ದೂರದ ಹೊಲಕ್ಕೆ ನೀರೊಯ್ದರು.

2005ರ ಬೇಸಿಗೆಯಲ್ಲಿ ಅವರೇ ಮತ್ತೆ ಬಂದರು. ಹೆಗಲ ಮೇಲೆ ಮೂರು ಅಡಿಯ ಪೈಪಿನ ತುಂಡು. ಬೂದುಬಣ್ಣ ಹೋಗಿ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಮಾತಾಡದೆ ಅದರ ಅಂಚನ್ನು ಹಿಡಿದು ಒತ್ತಿದರು. ಹಪ್ಪಳದಂತೆ ಲಟಕ್ಕನೆ ಮುರಿಯಿತು. “ಸಾವಕಾರ್ರ, ನೀವು ಹೇಳಿದ್ದು ನೆನಪೈತೇನ್ರಿ? ಮೊಮ್ಮಕ್ಕಳ ಕಾಲಕ್ಕ ಅಂದಿದ್ರಿ. ನನಗ ಇನ್ನೂ ಮೊಮ್ಮಗನ ಹುಟ್ಟಿಲ್ಲ” ಎಂದರು. ನೀರು ನಿಂತು ನಾಲ್ಕು ದಿನಗಳಾಗಿ, ಉಳ್ಳಾಗಡ್ಡಿ ಬೆಳೆ ಬಾಡುತ್ತಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ನಾವು ಅವರೆಲ್ಲರ ಮುಂದೆ, “ಬಿಸಿಲಾಗ ಬಿಟ್ಟರ ಮತ್ತೇನಾಗತೈತಿ? ಹೂಳಬೇಕಿತ್ತು. ತಪ್ಪು ನಿಮ್ಮದ” ಎಂದೆವು. ಅವರು ತುಂಡನ್ನು ಅಲ್ಲಿಯೇ ಗೋಡೆಗೆ ಒರಗಿಸಿ ಹೊರಟುಹೋದರು. ಆಗ ಎಂಟನೆಯ ತರಗತಿಯಲ್ಲಿದ್ದ ಮಗಳು ಗಲ್ಲೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಮನೆಪಾಠ ಬರೆಯುತ್ತಿದ್ದಳು. ರಾತ್ರಿ ಊಟಕ್ಕೆ ಕುಳಿತಾಗ, “ಅಪ್ಪಾ, ಅದು ಯಾಕ ಹಂಗ ಮುರೀತು?” ಎಂದು ಒಂದೇ ಪ್ರಶ್ನೆ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ತುಂಡು ಹನ್ನೆರಡು ವರ್ಷ ಅಂಗಡಿಯ ಮೂಲೆಯಲ್ಲಿ ನಿಂತಿತ್ತು. ಹೊಸ ವರ್ಷದ ಕ್ಯಾಲೆಂಡರುಗಳ ಸುರುಳಿಗಳನ್ನು ನಾವು ಅದರಲ್ಲಿ ತುರುಕಿಡುತ್ತಿದ್ದೆವು.

ಅವಳು ಧಾರವಾಡದಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ, ಎರಡು ವರ್ಷ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ದುಡಿದು, ಕೊನೆಗೆ ಈ ವಿಷಯವನ್ನೇ ಆರಿಸಿಕೊಂಡಳು. ಸಂಶೋಧನೆಗೆ ಎರಡು ಮುಖ. ಒಂದೆಡೆ ವಸ್ತುಸಂಗ್ರಹಾಲಯಗಳ ಉಗ್ರಾಣ, ಮತ್ತೊಂದೆಡೆ ಪೈಪು, ವೈರು ತಯಾರಿಸುವ ಕೈಗಾರಿಕೆ. ವಸ್ತುಸಂಗ್ರಹಾಲಯದಲ್ಲಿ ಪ್ಲಾಸ್ಟಿಕ್ಕೇ ಎಂದು ನಮಗೆ ಆಶ್ಚರ್ಯ. ಶಿಲ್ಪ, ತಾಮ್ರಪಟ, ತಾಳೆಗರಿ ಇಡುವ ಜಾಗವಲ್ಲವೆ ಅದು?

ಪ್ರತಿ ರವಿವಾರ ಸಂಜೆ ಅವಳ ಫೋನು ಬರುತ್ತಿತ್ತು. ನಮ್ಮ ಪಾಲಿಗೆ ಅದು ವಾರಕ್ಕೊಂದು ಪಾಠ. ಪ್ಲಾಸ್ಟಿಕ್ಕು ನಿನ್ನೆ ಮೊನ್ನೆಯದಲ್ಲವೆಂದು ಆಗಲೇ ನಮಗೆ ತಿಳಿದದ್ದು. ಅಲೆಕ್ಸಾಂಡರ್ ಪಾರ್ಕ್ಸ್ ಎಂಬ ಬರ್ಮಿಂಗ್‌ಹ್ಯಾಮಿನ ವ್ಯಕ್ತಿ ಹತ್ತಿಯ ನಾರಿನಂಥ ಸಸ್ಯವಸ್ತುವನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಮಾಡಿದ ಹೊಸ ಪದಾರ್ಥವನ್ನು 1862ರ ಲಂಡನ್ ಪ್ರದರ್ಶನದಲ್ಲಿಟ್ಟಿದ್ದನು. ಅಮೆರಿಕದ ಜಾನ್ ವೆಸ್ಲಿ ಹಯಟ್ ಬಿಲಿಯರ್ಡ್ಸ್ ಆಟದ ಚೆಂಡಿಗೆ ಬೇಕಾದ ಆನೆದಂತಕ್ಕೆ ಬದಲು ಹುಡುಕುತ್ತ, ಅದೇ ಬಗೆಯ ಪದಾರ್ಥಕ್ಕೆ ಕರ್ಪೂರ ಬೆರೆಸಿ ಸೆಲ್ಯುಲಾಯ್ಡ್ ಮಾಡಿದನು. ಕರ್ಪೂರವೆಂದ ಕೂಡಲೇ ನಮ್ಮ ಕಿವಿ ನೆಟ್ಟಗಾಯಿತು. ಮಂಗಳಾರತಿಯ ಕರ್ಪೂರವನ್ನು ತಟ್ಟೆಯಲ್ಲಿ ತೆರೆದಿಟ್ಟರೆ ಕರಗದೆ, ಸೋರದೆ, ಸುಮ್ಮನೆ ಗಾಳಿಯಲ್ಲಿ ಮಾಯವಾಗುವುದನ್ನು ಯಾವ ಮನೆಯ ಹೆಣ್ಣುಮಕ್ಕಳು ಕಂಡಿಲ್ಲ? ಸೆಲ್ಯುಲಾಯ್ಡಿನ ಮುಪ್ಪಿನಲ್ಲಿ ಒಂದು ಅಂಶ ಅದೇ. ಮೆತ್ತಗಿಡಲು ಬೆರೆಸಿದ ಕರ್ಪೂರ ವರ್ಷವರ್ಷಕ್ಕೂ ಹಾರಿಹೋಗಿ, ವಸ್ತು ಕುಗ್ಗುತ್ತದೆ, ಪೆಡಸಾಗುತ್ತದೆ, ಬಿರುಕು ಬಿಡುತ್ತದೆ. ಇನ್ನೊಂದು ಅಂಶ ಅದಕ್ಕಿಂತ ಘೋರವಾದದ್ದು. ಒಳಗಿನ ನೈಟ್ರೇಟು ತಾನಾಗಿ ಒಡೆದು ಆಮ್ಲದ ಹೊಗೆಯನ್ನು ಬಿಡುತ್ತದೆ; ಆ ಆಮ್ಲವೇ ಉಳಿದದ್ದನ್ನು ಇನ್ನಷ್ಟು ಬೇಗ ಒಡೆಯುತ್ತದೆ. ಹತ್ತಿರದ ಲೋಹಕ್ಕೂ ಅದರ ಬಾಧೆ ತಟ್ಟುತ್ತದೆ. ಬೆಂಕಿ ಹೊತ್ತಿದರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ.

ಹಳೆಯ ಚಲನಚಿತ್ರಗಳ ಸುರುಳಿಗಳೆಲ್ಲ ಇದೇ ನೈಟ್ರೇಟಿನವು. 2003ರ ಜನವರಿಯಲ್ಲಿ ಪುಣೆಯಲ್ಲಿ ಇಂಥ ಸುರುಳಿಗಳನ್ನಿಟ್ಟಿದ್ದ ಕೋಠಿಗೆ ಬೆಂಕಿ ಬಿದ್ದು, ನಮ್ಮ ದೇಶದ ಮೊದಮೊದಲ ಚಿತ್ರಗಳ ಅಮೂಲ್ಯ ಪ್ರತಿಗಳು ಬೂದಿಯಾದವು. ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ವೈ.ವಿ. ರಾವ್ ಅವರು ನಮಗೆ ದೂರವೇನಲ್ಲದ ಕೊಲ್ಲಾಪುರದ ಸ್ಟುಡಿಯೋದಲ್ಲಿ ನಿರ್ದೇಶಿಸಿದ್ದರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಮುಪ್ಪಿನಿಂದಲೇ ಎಲ್ಲವೂ ಹೋದವೆಂದೂ ಹೇಳಲಾಗದು. ಓಡಿ ಮುಗಿದ ಸುರುಳಿಗಳಿಂದ ಬೆಳ್ಳಿ ತೆಗೆದುಕೊಳ್ಳಲು ಕರಗಿಸಿದವರೂ ನಮ್ಮವರೇ. ಮುಪ್ಪಿಗೂ ಮೊದಲೇ ಕೊಂದ ಉದಾಹರಣೆಗಳು ಬೇಕಾದಷ್ಟಿವೆ.

ಉಗ್ರಾಣದಲ್ಲಿ ಅವಳು ಕಲಿತ ಮೊದಲ ವಿದ್ಯೆ ಮೂಸುವುದು. ಪೆಟ್ಟಿಗೆ ತೆರೆದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಹುಳಿ ವಿನೆಗರ್ ವಾಸನೆಯಾದರೆ ಸೆಲ್ಯುಲೋಸ್ ಅಸಿಟೇಟ್. ಹೊಸ ಮಳೆಯಂಗಿಯ ವಾಸನೆಯಾದರೆ ಮೆತ್ತನೆಯ ಪಿ.ವಿ.ಸಿ.; ಕಾರ್ಬಾಲಿಕ್ ಸಾಬೂನಿನಂತಿದ್ದರೆ ಬ್ಯಾಕಲೈಟ್. ಆಮೇಲೆ ಅವಕೆಂಪು ಕಿರಣದ ಉಪಕರಣದಿಂದ ಖಚಿತಪಡಿಸಿಕೊಳ್ಳಬೇಕು. ಬ್ಯಾಕಲೈಟನ್ನು ಅವಳು ಬಹಳ ಗೌರವದಿಂದ ಮಾತಾಡಿಸುತ್ತಾಳೆ. 1907ರಲ್ಲಿ ಲಿಯೋ ಬೇಕಲ್ಯಾಂಡ್ ಸೃಷ್ಟಿಸಿದ ಆ ಪದಾರ್ಥ ಮೇಲ್ಮೈ ಮಂಕಾಗುವುದನ್ನು ಬಿಟ್ಟರೆ ಗಟ್ಟಿ ಮುದುಕನಂತೆ ಬಾಳುತ್ತದೆ. ನಮ್ಮ ಹಳೆಯ ಮನೆಯ ಕರಿಯ ಸ್ವಿಚ್ಚುಗಳು ಇಂದಿಗೂ ಕೆಲಸ ಮಾಡುತ್ತಿರುವುದನ್ನು ಹೇಳಿದಾಗ ಅವಳಿಗೆ ಹಿಗ್ಗೋ ಹಿಗ್ಗು. ಶಿಲ್ಪಿ ನೌಮ್ ಗಾಬೊ 1920ರ ದಶಕದಲ್ಲಿ ಗಾಜಿನಂಥ ಪಾರದರ್ಶಕ ಹಾಳೆಗಳಿಂದ ಕಟ್ಟಿದ ಶಿಲ್ಪಗಳಿಗೆ ಆ ಭಾಗ್ಯವಿಲ್ಲ. ಕಲ್ಲು, ಕಂಚು ಹಳತಾದವೆಂದು ಹೊಸ ಯುಗಕ್ಕೆ ಹೊಸ ಪದಾರ್ಥವನ್ನು ಆರಿಸಿಕೊಂಡ ಅವನ ಎಷ್ಟೋ ಕೃತಿಗಳು ಬಿರಿದು, ಬಾಗಿ, ಜನರಿಗೆ ತೋರಿಸಲಾಗದ ಸ್ಥಿತಿಗೆ ಬಂದಿವೆ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ತೊಟ್ಟಿದ್ದ ಉಡುಪಿನ ಪಾಡೂ ಅಷ್ಟೆ. ಕೆಲವು ದಿನಗಳ ಬಳಕೆಗೆಂದು ಹೊಲಿದ ಅದರ ಒಳಪದರಗಳ ರಬ್ಬರು ಭೂಮಿಗೆ ಮರಳಿದ ಮೇಲೆ ಗಡಸಾಗಿ ಬಿರಿಯತೊಡಗಿತು. 2015ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಸಾರ್ವಜನಿಕರಿಂದ ಏಳು ಲಕ್ಷ ಡಾಲರಿಗೂ ಮಿಕ್ಕಿ ಹಣ ಕೂಡಿಸಿ ಅದಕ್ಕೆ ಆರೈಕೆ ಮಾಡಿ, 2019ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟಿತು.

ಇದನ್ನೆಲ್ಲ ಕೇಳುತ್ತಿದ್ದಾಗ ನಮಗೆ ಮನೆಯ ಹಿರಿಯರ ಪಥ್ಯಪಾನಗಳು ನೆನಪಾಗುತ್ತಿದ್ದವು. ಒಬ್ಬರಿಗೆ ಮೊಸರು ಹಿತ, ಇನ್ನೊಬ್ಬರಿಗೆ ವರ್ಜ್ಯ. ಇಲ್ಲಿಯೂ ಹಾಗೆಯೇ. ನೈಟ್ರೇಟ್, ಅಸಿಟೇಟ್‌ಗಳನ್ನು ಮುಚ್ಚಿಡಬಾರದು. ತಾವು ಬಿಟ್ಟ ಆಮ್ಲದಲ್ಲಿ ತಾವೇ ಬೇಯುತ್ತವೆ. ಅವಕ್ಕೆ ಗಾಳಿ ಆಡಬೇಕು, ಇಲ್ಲವೆ ತೀರ ತಣ್ಣಗಿಡಬೇಕು. ಮೆತ್ತನೆಯ ಪಿ.ವಿ.ಸಿ.ಗೆ ಇದಕ್ಕೆ ತದ್ವಿರುದ್ಧವಾದ ಉಪಚಾರ. ಅದರ ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಎಣ್ಣೆಯಂಥ ದ್ರವವೇ ಇರಬಹುದು. ಅದು ನಿಧಾನವಾಗಿ ಮೇಲ್ಮೈಗೆ ಬಂದು ಬೆವರಿನಂತೆ ಅಂಟಂಟಾಗಿ, ಧೂಳನ್ನೆಲ್ಲ ಬರಸೆಳೆದು, ಕೊನೆಗೆ ಆರಿಹೋಗಿ ವಸ್ತುವನ್ನು ಬಿರುಸಾಗಿಸುತ್ತದೆ. ಅದನ್ನು ಗಾಜಿನ ಭರಣಿಯಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಆ ದ್ರವದ ನಷ್ಟ ತಡವಾಗುತ್ತದೆಂದು ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಿಜ್ಞಾನಿ ಇವಾನ್ ಶಶೂವಾ ಅವರು ತೋರಿಸಿಕೊಟ್ಟರು. ಅವರು 2008ರಲ್ಲಿ ಪ್ರಕಟಿಸಿದ, ಪ್ಲಾಸ್ಟಿಕ್ಕಿನ ಸಂರಕ್ಷಣೆಯ ಗ್ರಂಥವೇ ನಮ್ಮ ಮಗಳ ಮೇಜಿನ ಮೇಲಿನ ನಿತ್ಯ ಪಾರಾಯಣದ ಪುಸ್ತಕ. ಹೀಗಾಗಿ, ಇದು ಯಾವ ಜಾತಿಯ ಪ್ಲಾಸ್ಟಿಕ್ಕೆಂದು ತಿಳಿಯದೆ ಆರೈಕೆಗಿಳಿದರೆ ಆರೈಕೆಯೇ ಕೇಡಾಗುತ್ತದೆ.

ಆ ಮಾತಿನ ಅರ್ಥ ನಮ್ಮ ಮನೆಯಲ್ಲೇ ಸಿದ್ಧವಾಗಿ ಕುಳಿತಿತ್ತು. 2017ರ ದೀಪಾವಳಿಗೆ ಅವಳು ರಜೆಯ ಮೇಲೆ ಬಂದಾಗ, ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆವು. ಅದರೊಳಗೆ ಒಂದು ಬಿಸ್ಕೀಟಿನ ತಗಡಿನ ಡಬ್ಬಿ. 1960ರ ದಶಕದಲ್ಲಿ ಮನೆಯ ಹಿರಿಯಣ್ಣನವರು ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳ ನೆಗೆಟಿವ್‌ಗಳು ಅದರಲ್ಲಿದ್ದವು. ಮಗಳ ಅಜ್ಜಿ, ಅಂದರೆ ನಮ್ಮ ಅವ್ವ, ಬೀಸುವ ಕಲ್ಲಿನ ಮುಂದೆ ಕುಳಿತದ್ದು, ಮೊರ ಹಿಡಿದು ಕೇರುತ್ತಿದ್ದುದು, ಹೊಸ್ತಿಲಲ್ಲಿ ನಿಂತು ನಗುತ್ತಿದ್ದುದು ಎಲ್ಲವೂ ಆ ಡಬ್ಬಿಯಲ್ಲಿ. ಮನೆ ಬದಲಿಸುವಾಗ ಅಚ್ಚಿನ ಚಿತ್ರಗಳು ಕಳೆದುಹೋಗಿದ್ದವು. “ನೆಗೆಟಿವ್ ಭದ್ರವಾಗಿ ಅದಾವಲ್ಲ” ಎಂಬ ಧೈರ್ಯ ನಮಗಿತ್ತು. ಮಳೆಗಾಲದ ತೇವ ತಾಗಬಾರದೆಂದು ಡಬ್ಬಿಯ ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿ, ಎರಡು ನುಸಿಗುಳಿಗೆಗಳನ್ನೂ ಹಾಕಿಟ್ಟಿದ್ದೆವು. ಅಷ್ಟು ಜೋಪಾನ!

ಮಗಳು ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಉಪ್ಪಿನಕಾಯಿಯ ಜಾಡಿ ಒಡೆಯಿತೇನೋ ಎಂದುಕೊಂಡೆವು. ಅವಳು ಮೂಸಿ ನೋಡಿ ಸುಮ್ಮನೆ ಕುಳಿತಳು. ತನ್ನ ಚೀಲದಿಂದ ನೀಲಿ ಬಣ್ಣದ ಪುಟ್ಟ ಕಾಗದದ ಪಟ್ಟಿಯೊಂದನ್ನು ತೆಗೆದು ಡಬ್ಬಿಯೊಳಗಿಟ್ಟು, ಮುಚ್ಚಿ, ಮರುದಿನ ತೆರೆದಳು. ಪಟ್ಟಿ ಹಳದಿಯಾಗಿತ್ತು. ಆಮ್ಲ ಕಡಿಮೆಯಿದ್ದರೆ ನೀಲಿಯಾಗಿಯೇ ಉಳಿಯುತ್ತದೆ, ನಡುವೆ ಹಸಿರು, ರೋಗ ಬಲಿತಿದ್ದರೆ ಹಳದಿ. “ಅವ್ವಾ, ನೀವು ಮುಚ್ಚಿಟ್ಟದ್ದಕ್ಕ ಆಮ್ಲ ಹೊರಗ ಹೋಗಾಕ ಹಾದಿ ಇರಲಿಲ್ಲ” ಎಂದು ಬಹು ಮೆಲ್ಲಗೆ ಹೇಳಿದಳು. ಬೆಂಕಿಯ ಭಯವಿಲ್ಲದ ಫಿಲ್ಮೆಂದು ಲೋಕವೆಲ್ಲ ಹೊಗಳಿದ್ದ ಈ ಟ್ರೈಅಸಿಟೇಟನ್ನು ಕೊಡಾಕ್ ಕಂಪನಿ 1948ರಲ್ಲಿ ತಂದಿತು. ಹತ್ತು ವರ್ಷದೊಳಗೇ ಅದು ಕೆಡುತ್ತಿರುವ ಮೊದಲ ದೂರು ಆ ಕಂಪನಿಗೆ ಹೋದದ್ದು ಭಾರತ ಸರ್ಕಾರದಿಂದ. ಇಲ್ಲಿಯ ಸೆಕೆ, ತೇವಗಳೇ ಕಾರಣ. ನಮ್ಮ ಹವೆ ಅವರ ಪ್ರಯೋಗಾಲಯಕ್ಕಿಂತ ಮುಂಚೆ ಸತ್ಯವನ್ನು ಕಂಡುಕೊಂಡಿತ್ತು ಎಂದು ಅವಳು ತಮಾಷೆ ಮಾಡಿದಳು. ನಮಗೆ ನಗು ಬರಲಿಲ್ಲ.

ನೆಗೆಟಿವ್‌ಗಳಲ್ಲಿ ಕೆಳಗಿನ ಹಾಳೆ ಕುಗ್ಗಿ, ಮೇಲಿನ ಚಿತ್ರದ ಪದರ ಕುಗ್ಗದೆ, ಕಾಲುವೆ ಕಾಲುವೆಯಾಗಿ ನಿರಿಗೆಗಟ್ಟಿತ್ತು. ಮೂರು ಸುರುಳಿಗಳು ಒಂದಕ್ಕೊಂದು ಅಂಟಿ ಬೆಲ್ಲದ ಹೆಂಟೆಯಂತಾಗಿದ್ದವು. ಎಂಟು ದಿನ ಅವಳು ಕೈಗವಸು ತೊಟ್ಟು, ಒಂದೊಂದನ್ನೇ ಬೆಳಕಿನ ಹಲಗೆಯ ಮೇಲಿಟ್ಟು ಕ್ಯಾಮೆರಾದಿಂದ ಚಿತ್ರ ತೆಗೆದಳು. ಒಟ್ಟು ತೊಂಬತ್ತರಷ್ಟಿದ್ದವುಗಳಲ್ಲಿ ಮೂವತ್ತೊಂದು ಸಿಕ್ಕವು. ಬೀಸುವ ಕಲ್ಲಿನ ಚಿತ್ರ ಸಿಕ್ಕಿತು, ಮೊರದ್ದೂ ಸಿಕ್ಕಿತು. ಹೊಸ್ತಿಲಲ್ಲಿ ನಿಂತು ನಕ್ಕ ಚಿತ್ರದಲ್ಲಿ ಮುಖವಿದ್ದ ಜಾಗದಲ್ಲಿ ನಿರಿಗೆಗಳು ಮಾತ್ರ ಇವೆ. ಸೀರೆಯ ಅಂಚು, ಬರಿಗಾಲು ಸ್ಪಷ್ಟವಾಗಿವೆ. ಅವ್ವ ನಗುತ್ತಿದ್ದ ಇನ್ನೊಂದು ಚಿತ್ರ ನಮ್ಮಲ್ಲಿಲ್ಲ. ಮೂಲಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಎರಡು ಪದರ ಚೀಲದಲ್ಲಿ ಹಾಕಿ ಫ್ರಿಜ್ಜಿನ ಮೇಲಿನ ಹಿಮದ ಖಾನೆಯಲ್ಲಿಡಲು ಹೇಳಿದಳು. ಮುಚ್ಚಿಡಬೇಡವೆಂದವಳೇ ಚೀಲದಲ್ಲಿಡು ಎನ್ನುವಳಲ್ಲ ಎಂದು ಕೇಳಿದ್ದಕ್ಕೆ, ಆ ತಣ್ಣನೆಯಲ್ಲಿ ಆಮ್ಲ ಹುಟ್ಟುವ ಕೆಲಸವೇ ಬಹುಮಟ್ಟಿಗೆ ನಿಂತುಹೋಗುತ್ತದೆ, ಚೀಲ ತೇವಕ್ಕಾಗಿ ಎಂದು ಬಿಡಿಸಿ ಹೇಳಿದಳು. ಇಂದಿಗೂ ಅವು ಅಲ್ಲಿಯೇ ಇವೆ, ಐಸ್ ತೆಗೆಯಲು ಹೋದ ಅತಿಥಿಗಳು “ಇದೇನ್ರೀ?” ಎಂದು ಕೇಳುತ್ತಾರೆ.

ಆ ರಜೆ ಮುಗಿಸಿ ಹೋಗುವಾಗ ಅವಳು ಅಂಗಡಿಯ ಮೂಲೆಯ ಪೈಪಿನ ತುಂಡಿನಿಂದ ಅಂಗೈಯಗಲದ ಒಂದು ಚೂರನ್ನು ಮುರಿದುಕೊಂಡು ಕಾಗದದಲ್ಲಿ ಸುತ್ತಿಕೊಂಡಳು. ನಾವು ಕಂಡೂ ಕಾಣದಂತೆ ಇದ್ದೆವು.

ಅವಳ ಸಂಶೋಧನೆಯ ಕೈಗಾರಿಕೆಯ ಮುಖ ನಮಗೆ ಹೆಚ್ಚು ಹತ್ತಿರದ್ದಾದರೂ ಅರ್ಥವಾಗುವುದು ತಡವಾಯಿತು. ಒತ್ತಡದ ಪೈಪು 20 ಡಿಗ್ರಿ ಶಾಖದಲ್ಲಿ 50 ವರ್ಷ ಬಾಳುತ್ತದೆಂದು ಲೆಕ್ಕ ಹಾಕಿಯೇ ಅದರ ದಪ್ಪವನ್ನು ನಿರ್ಧರಿಸುತ್ತಾರೆ. 50 ವರ್ಷ ಕಾದು ನೋಡಿದವರು ಯಾರು? ಯಾರೂ ಇಲ್ಲ. ಹೆಚ್ಚು ಶಾಖದಲ್ಲಿ, ಹೆಚ್ಚು ಒತ್ತಡದಲ್ಲಿ ಒಂದು ವರ್ಷಕ್ಕೂ ಮಿಕ್ಕಿದ ಕಾಲ ಪರೀಕ್ಷಿಸಿ, ಅಲ್ಲಿಂದ ಗೆರೆ ಎಳೆದು ಮುಂದಿನದನ್ನು ಊಹಿಸುತ್ತಾರೆ. ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಕೊಟ್ಟ ಸೂತ್ರವೇ ಇಂಥ ಊಹೆಗೆ ಆಧಾರ. ಸ್ಥೂಲವಾಗಿ ಹೇಳುವುದಾದರೆ ಹತ್ತು ಡಿಗ್ರಿ ಶಾಖ ಏರಿದರೆ ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ. 20 ಡಿಗ್ರಿ ಎಲ್ಲಿ, ನಮ್ಮ ಬೇಸಿಗೆಯ ಬದುವಿನ ಮೇಲೆ ಕಾದ ಪೈಪೆಲ್ಲಿ! ಅದಲ್ಲದೆ ಒಲೆಯಲ್ಲಿ ಬೆಂದ ಚೂರಿನ ಮುಪ್ಪು ಕಪಾಟಿನಲ್ಲಿ ಸುಮ್ಮನೆ ಕುಳಿತ ಚೂರಿನ ಮುಪ್ಪಿನಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಅವಸರದಲ್ಲಿ ಕುದಿಸಿದ ಹಾಲಿಗೂ ಕೆನೆಗಟ್ಟುವಂತೆ ಕಾಯಿಸಿದ ಹಾಲಿಗೂ ವ್ಯತ್ಯಾಸವಿಲ್ಲವೆ? ಆ ವ್ಯತ್ಯಾಸ ಎಷ್ಟು ಎಂಬುದೇ ಅವಳ ಮಹಾಪ್ರಬಂಧದ ತಿರುಳು. ಅದಕ್ಕಾಗಿ ಅವಳು ಒಲೆಯಲ್ಲಿ ಮುದಿಯಾಗಿಸಿದ ಚೂರುಗಳ ಪಕ್ಕದಲ್ಲಿ, ವಯಸ್ಸು ಖಚಿತವಾಗಿ ಗೊತ್ತಿರುವ, ತಾನಾಗಿ ಮುಪ್ಪಾದ ವಸ್ತುಗಳನ್ನಿಟ್ಟು ಹೋಲಿಸಬೇಕಿತ್ತು. ಅಂಥವು ಸಿಗುವುದೇ ಕಷ್ಟ. ಹಳೆಯ ಪ್ಲಾಸ್ಟಿಕ್ಕು ಬೇಕಾದಷ್ಟಿದೆ. ಹುಟ್ಟಿದ ದಿನಾಂಕ, ಬಾಳಿದ ರೀತಿ ಗೊತ್ತಿರುವುದು ಎಲ್ಲಿದೆ?

2018ರ ಬೇಸಿಗೆಯ ಒಂದು ರವಿವಾರ ಅವಳ ಧ್ವನಿ ಬೇರೆಯಾಗಿತ್ತು. ಚೂರನ್ನು ತೂಗಿ, ಕುಲುಮೆಯಲ್ಲಿ ಸುಟ್ಟು, ಉಳಿದ ಬೂದಿಯನ್ನು ತೂಗಿದ್ದಳು. ಕಾಲು ಭಾಗಕ್ಕೂ ಮೀರಿ ಬೂದಿ. ಪಿ.ವಿ.ಸಿ.ಯಲ್ಲಿ ಒಂದಿಷ್ಟು ಸುಣ್ಣದ ಕಲ್ಲಿನ ಪುಡಿ ಬೆರೆಸುವುದು ವಾಡಿಕೆಯೇ. ಈ ಪೈಪಿನಲ್ಲಿ ಅದನ್ನು ಮಿತಿಮೀರಿ ತುಂಬಿದ್ದರು. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯಲು ಬೇಕಾದ ಬಿಳಿಯ ಟೈಟಾನಿಯಂ ಪುಡಿ ಹೆಸರಿಗೆ ಮಾತ್ರ ಇತ್ತು. ಕಪ್ಪು ಪಾಲಿಥೀನ್ ಪೈಪಿಗೆ ನೂರಕ್ಕೆ ಎರಡು, ಎರಡೂವರೆ ಪಾಲು ಮಸಿ ಸೇರಿಸುವುದು ಇದೇ ರಕ್ಷಣೆಗಾಗಿ. “ಬಿಸಿಲು ಕಾರಣ ಹೌದು, ಅಪ್ಪಾ. ಆದರ ಚಲೋ ಪೈಪು ಆಗಿದ್ರ ಆ ಬಿಸಿಲಿಗೆ ನಾಲ್ಕ ವರ್ಷಕ್ಕ ಹಪ್ಪಳ ಆಗತಿರಲಿಲ್ಲ” ಎಂದಳು. ಆಮೇಲೆ ತಡೆದು, “ಸುಣ್ಣದ ಪುಡಿ ಪಿ.ವಿ.ಸಿ.ಗಿಂತ ಭಾರ. ಅದಕ್ಕ ಅದು ತೂಕ ಇತ್ತು” ಎಂದಳು. ತೂಕವಿದ್ದದ್ದೇ ಗಟ್ಟಿಯೆಂದು ಆ ರೈತರು ಹೇಳಿದಾಗ “ಹೌದ್ರಿ” ಎಂದವರು ನಾವು. ಫೋನಿನ ಈಚೆ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಅಂಗಡಿಯನ್ನು ಆ ವರ್ಷವೇ ಮುಚ್ಚಿದೆವು. ವಯಸ್ಸಾಗಿತ್ತು, ಈ ಕಾರಣಕ್ಕಲ್ಲ. ಆದರೆ ಕಿರ್ದಿಗಳನ್ನು ರದ್ದಿಗೆ ಹಾಕಲಿಲ್ಲ. 2019ರ ಡಿಸೆಂಬರಿನಲ್ಲಿ ಮಗಳು ಮತ್ತೆ ಬಂದಾಗ ಅವಳನ್ನು ಕರೆದುಕೊಂಡು ಆ ಹಳ್ಳಿಗೆ ಹೋದೆವು. ಹದಿನಾಲ್ಕು ವರ್ಷ ಅವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಎಂಬತ್ತರ ಹತ್ತಿರದ ಅವರು ಕಟ್ಟೆಯ ಮೇಲೆ ಮೊಮ್ಮಗನೊಡನೆ ಕುಳಿತಿದ್ದರು. ಗುರುತು ಹಿಡಿದರು, “ಬರ್ರಿ ಸಾವಕಾರ್ರ, ಕುಂದರ್ರಿ” ಎಂದು ಕಂಬಳಿ ಹಾಸಿದರು. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಚಿಂತಿಸಿದ್ದ ಮಾತುಗಳೆಲ್ಲ ಮರೆತುಹೋಗಿ, “ಅಜ್ಜಾರ, ಆವತ್ತು ತಪ್ಪು ನಿಮ್ಮದು ಅಂದಿದ್ವಿ. ನಿಮ್ಮದಲ್ಲ. ಪೈಪ ಕೆಟ್ಟದ್ದಿತ್ತು. ಅಗ್ಗದ್ದರಾಗ ನಮಗೂ ಲಾಭ ಹೆಚ್ಚಿತ್ತು” ಎಂದಷ್ಟೇ ಹೇಳಲು ಸಾಧ್ಯವಾಯಿತು. ಅವರು ಸ್ವಲ್ಪ ಹೊತ್ತು ಮಗಳ ಮುಖ ನೋಡಿದರು, ನಮ್ಮ ಮುಖ ನೋಡಿದರು. “ಆವತ್ತ ಹೇಳಿದ್ರ ಚಲೋ ಇತ್ತು” ಎಂದರು. ಒಳಗಿನಿಂದ ಚಹಾ ಬಂತು.

ಚಹಾ ಕುಡಿದು ಹೊಲಕ್ಕೆ ಹೋದೆವು. ಈಗ ಅಲ್ಲಿ ಹನಿ ನೀರಾವರಿಯ ಕರಿಯ ಕೊಳವೆಗಳಿವೆ. ಆದರೆ ಬದುವಿನ ಮೇಲೆ, ಬೇಲಿಯ ಸಂದಿಯಲ್ಲಿ, ಜಾಲಿಯ ಬುಡದಲ್ಲಿ ಹಳೆಯ ಪೈಪಿನ ತುಂಡುಗಳು ಇದ್ದಲ್ಲೇ ಬಿದ್ದಿದ್ದವು. ನೀರು ಹರಿಸುವ ಕೆಲಸಕ್ಕೆ ನಾಲ್ಕೇ ವರ್ಷ ಬಂದ ಅವು, ಮಣ್ಣಾಗದೆ ಹದಿನೆಂಟು ವರ್ಷ ಉಳಿದಿದ್ದವು. ಮಗಳು ಮೊಣಕಾಲೂರಿ ಒಂದೊಂದನ್ನೇ ಎತ್ತಿ, ಮೇಲುಭಾಗ, ಕೆಳಭಾಗ ತಿರುಗಿಸಿ ನೋಡಿ, ಬಿಸಿಲು ಬಿದ್ದ ಮಗ್ಗುಲಿಗೆ ಪೆನ್ಸಿಲ್ಲಿನಿಂದ ಗುರುತು ಹಾಕತೊಡಗಿದಳು. “ಇವು ನಿನಗ್ಯಾಕವ್ವಾ?” ಎಂದು ಅಜ್ಜನವರು ಕೇಳಿದರು. ಇಷ್ಟು ವರ್ಷದ ನಿಜವಾದ ಬಿಸಿಲು ತನ್ನ ಪ್ರಯೋಗಾಲಯದ ಯಾವ ದೀಪದಲ್ಲಿಯೂ, ಯಾವ ಒಲೆಯಲ್ಲಿಯೂ ಸಿಗುವುದಿಲ್ಲವೆಂದು ಅವಳು ವಿವರಿಸಿದಳು. ಅವರಿಗೆ ಎಷ್ಟು ತಿಳಿಯಿತೋ! “ಹಂಗಾರ ಈ ಬಿಸಿಲಿಗೂ ರೊಕ್ಕ ಐತಿ ಅನ್ನು” ಎಂದು ಮೊದಲ ಸಲ ನಕ್ಕರು. ಹಣ ಕೊಡಲು ಹೋದಾಗ ಮಾತ್ರ ಕೈ ಹಿಂದೆ ಕಟ್ಟಿಕೊಂಡರು.

ಗೋಣಿಚೀಲ ತುಂಬ ತುಂಡುಗಳನ್ನು ಮನೆಗೆ ತಂದೆವು. 2001ರ ಕಿರ್ದಿಯನ್ನು ಹುಡುಕಿ, ಮಾರ್ಚ್ ತಿಂಗಳ ಪುಟ ತೆಗೆದು, ಆ ಅರವತ್ತು ಪೈಪುಗಳ ದಿನಾಂಕವನ್ನು ನಾವೇ ನೋಡಿ ಹೇಳಿದೆವು. ಅವಳು ಚೀಟಿಗಳಲ್ಲಿ ಬರೆದು ಒಂದೊಂದಕ್ಕೂ ಕಟ್ಟಿದಳು. ಮರುವರ್ಷ ಕೋವಿಡ್‌ನಿಂದಾಗಿ ಅವಳ ಪ್ರಯೋಗಾಲಯಕ್ಕೆ ತಿಂಗಳುಗಟ್ಟಲೆ ಬೀಗ ಬಿತ್ತು, ಪದವಿ ಕೈಗೆ ಬಂದದ್ದು 2021ರಲ್ಲಿ. ಪ್ರಬಂಧದ ಒಂದು ಅಧ್ಯಾಯದ ಕೋಷ್ಟಕದಲ್ಲಿ ನಮ್ಮ ಕಿರ್ದಿಯ ಆ ದಿನಾಂಕವಿದೆ. ಚೀಲದ ಲೆಕ್ಕದಲ್ಲಿ ಒಂದು ತುಂಡು ಕಡಿಮೆ. ಎರಡು ಅಡಿಯದು, ಚೆನ್ನಾಗಿಯೇ ಇತ್ತು. ಹೊರಡುವಾಗ ಅಜ್ಜನವರು ಅದನ್ನು ಚೀಲದಿಂದ ಹಿರಿದುಕೊಂಡು, “ಇದ ಇರಲಿ, ಟೊಮೆಟೊ ಗಿಡಕ್ಕ ಆಸರಿ ಕಟ್ಟಾಕ ಬೇಕು” ಎಂದು ಮೊಮ್ಮಗನ ಕೈಗೆ ಕೊಟ್ಟಿದ್ದರು.